ಮೊದಲು ಬಚತ್, ಆಮೇಲೆ ಸಾಲ

ಬೀದರ್ ಜಿಲ್ಲೆಯ ಯಾವ ಪಿಕೆಪಿಎಸ್‌ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ) ಮೆಟ್ಟಿಲು ಹತ್ತಿದರೂ ಮೊದಲು ಕೇಳುತ್ತಿದ್ದುದು ಪಹಣಿ. ಹೊಲ ಯಾರ ಹೆಸರಿನಲ್ಲಿದೆಯೋ ಅವರು ಸದಸ್ಯರು, ಸದಸ್ಯರಾದವರಿಗೆ ಬೆಳೆಸಾಲ. ಉದ್ದು, ಹೆಸರು, ತೊಗರಿಯ ಹೊಲಗಳಲ್ಲಿ ಬಿತ್ತನೆಯಿಂದ ರಾಶಿಯವರೆಗೆ ಬೆನ್ನು ಬಗ್ಗಿಸಿ ದುಡಿಯುವ ಹೆಂಗಸರಲ್ಲಿ ಹೆಚ್ಚಿನವರ ಹೆಸರು ಆ ಕಾಗದದಲ್ಲಿ ಇರುತ್ತಿರಲಿಲ್ಲ. ಕೂಲಿಯವರಿಗಂತೂ ಹೊಲವೇ ಇಲ್ಲ. ಮಗುವಿಗೆ ಜ್ವರ ಬಂದರೆ, ಮಗಳ ಮದುವೆ ಕೂಡಿಬಂದರೆ ಸಾವುಕಾರನ ಮನೆಯೇ ಗತಿ.

1990ರ ದಶಕದ ಉತ್ತರಾರ್ಧದಲ್ಲಿ ಅದೇ ಸಂಘಗಳ ಬಾಗಿಲಿಗೆ ಪಹಣಿಯಿಲ್ಲದ ಹೆಂಗಸರು ಬರತೊಡಗಿದರು. ಅವರ ಕೈಯಲ್ಲಿ ಸಾಲದ ಅರ್ಜಿ ಇರಲಿಲ್ಲ. ವಾರವಾರ ಐದು, ಹತ್ತು ರೂಪಾಯಿ ಕೂಡಿಸಿದ ದುಡ್ಡನ್ನು ಗುಂಪಿನ ಹೆಸರಿನಲ್ಲಿ ಜಮಾ ಮಾಡಲು ಬಂದಿದ್ದರು. ಸಹಕಾರದ ಕಥೆಯಲ್ಲಿ ಬೀದರಿನ ಪಾಲು ಏನೆಂದು ಕೇಳಿದರೆ ಉತ್ತರ ಇಲ್ಲಿದೆ: ಸಾಲಗಾರರ ಸಂಘವಾಗಿದ್ದುದನ್ನು ಇಲ್ಲಿಯ ಹೆಂಗಸರು ಠೇವಣಿದಾರರ ಸಂಘವನ್ನಾಗಿಯೂ ಮಾಡಿದರು. ಆದರೆ ಕೂಡಿ ಕಟ್ಟುವ ರೂಢಿ ಈ ಸೀಮೆಗೆ ಅಂದು ಹೊಸದಾಗಿ ಬಂದದ್ದಲ್ಲ.

ಕಮಲನಗರವನ್ನೇ ನೋಡಬಹುದು. ಮಹಾರಾಷ್ಟ್ರದ ಅಂಚಿನಲ್ಲಿ, ಭಾಲ್ಕಿ ಮತ್ತು ಉದಗೀರಗಳ ನಡುವಿನ ರೈಲು ಹಾದಿಯಲ್ಲಿರುವ ಊರು ಇದು. ಬಹುಕಾಲ ಔರಾದ್ ತಾಲ್ಲೂಕಿಗೆ ಸೇರಿತ್ತು. 2017ರ ಬಜೆಟ್ಟಿನಲ್ಲಿ ಹುಲಸೂರು, ಚಿಟಗುಪ್ಪಗಳ ಜೊತೆ ಇದಕ್ಕೂ ತಾಲ್ಲೂಕಿನ ಪಟ್ಟ ಘೋಷಣೆಯಾಯಿತು. ಸಂತೆಯ ದಿನ ಕನ್ನಡ, ಮರಾಠಿ, ದಖನಿ ಮೂರೂ ಕಿವಿಗೆ ಬೀಳುತ್ತವೆ. 1890ರಲ್ಲಿ ಈ ಊರಿನಲ್ಲಿ ಹುಟ್ಟಿದ ಚನ್ನಬಸವ ಪಟ್ಟದ್ದೇವರು ಮುಂದೆ ಭಾಲ್ಕಿ ಹಿರೇಮಠದ ಸ್ವಾಮಿಗಳಾದರು, ನೂರೆಂಟು ವರ್ಷ ಬದುಕಿದರು. ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಕೋರ್ಟು, ಶಾಲೆ ಎಲ್ಲ ಕಡೆಯೂ ಉರ್ದು. ಪಟ್ಟದ್ದೇವರು ನಡೆಸಿದ ಶಾಲೆಯ ಹೊರಗೆ ಉರ್ದು ಫಲಕ ತೂಗುತ್ತಿತ್ತು, ಒಳಗೆ ಕನ್ನಡ ಪಾಠ ನಡೆಯುತ್ತಿತ್ತು. ಈ ಕಥೆ ಬೀದರಿನಲ್ಲಿ ಎಲ್ಲರ ಬಾಯಲ್ಲಿದೆ.

ಅದೇ ಕಥೆಯ ಖರ್ಚಿನ ಭಾಗ ಅಷ್ಟಾಗಿ ಯಾರ ಬಾಯಿಗೂ ಬರುವುದಿಲ್ಲ. ಸರ್ಕಾರದ ಅನುದಾನ ಕನಸಿನ ಮಾತು. ಮಠದ ಜೋಳಿಗೆ ಹಳ್ಳಿಹಳ್ಳಿ ತಿರುಗಬೇಕು; ಸುಗ್ಗಿಯಲ್ಲಿ ಜೋಳ, ಬೇಳೆ ಕೂಡಬೇಕು; ಅದರಿಂದ ಮಕ್ಕಳ ಊಟ ನಡೆಯಬೇಕು. ಒಬ್ಬೊಬ್ಬ ಒಕ್ಕಲಿಗ ಕೊಟ್ಟಿದ್ದು ಸೇರು ಕಾಳು. ಆದರೆ ಆ ಸೇರಿನಿಂದ ನಿಂತ ಶಾಲೆ ಯಾರೊಬ್ಬನ ಆಸ್ತಿಯೂ ಆಗಲಿಲ್ಲ. ಕೊಟ್ಟವನ ಮಗನೂ ಅಲ್ಲಿ ಕಲಿತ, ಕೊಡಲಾಗದವನ ಮಗನೂ ಕಲಿತ. ಶಾಂತಿವರ್ಧಕ ಶಿಕ್ಷಣ ಸಂಸ್ಥೆಯ ಬೇರು ಇಲ್ಲಿದೆ. ಬ್ಯಾಂಕು, ಕಾರ್ಖಾನೆಗಳ ಮಾತಿಗೆ ಮೊದಲು ಈ ಗಡಿಯ ಜನ ಕೂಡಿ ಗಳಿಸಿದ ಸಂಪತ್ತೆಂದರೆ ಇಂಥ ಶಾಲೆಗಳೇ.

ಹಣದ ಸಹಕಾರ ಬಂದದ್ದು ಬೇರೆ ದಾರಿಯಲ್ಲಿ, ಬಹು ದೂರದಿಂದ. 19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ಹಳ್ಳಿಗಾಡಿನಲ್ಲಿ ರೈಫೈಸನ್ ಎಂಬ ಊರಾಧಿಕಾರಿ ರೈತರನ್ನು ಬಡ್ಡಿಯಿಂದ ಬಿಡಿಸಲು ಊರೂರಿಗೆ ಸಾಲಸಂಘ ಕಟ್ಟಿಸಿದ್ದ. ಒಬ್ಬನ ಸಾಲಕ್ಕೆ ಊರೆಲ್ಲ ಹೊಣೆ ಎಂಬುದು ಅವನ ಸೂತ್ರ. ಮದ್ರಾಸ್ ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಆ ಪದ್ಧತಿಯನ್ನು ಅಧ್ಯಯನ ಮಾಡಿ ವರದಿ ಬರೆದ. 1904ರಲ್ಲಿ ಬ್ರಿಟಿಷ್ ಭಾರತದಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರ ಸಂಘ ಅದು ಎಂಬ ಹೆಮ್ಮೆ ಕನ್ನಡನಾಡಿನದು.

ಕಣಗಿನಹಾಳ ಮುಂಬೈ ಪ್ರಾಂತ್ಯದಲ್ಲಿತ್ತು, ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿ. ನಿಜಾಮ ಸರ್ಕಾರ ಸಹಕಾರದ ಕಾನೂನು ತಂದದ್ದು 1914ರ ಹೊತ್ತಿಗೆ. 1920ರ ದಶಕದಲ್ಲಿ ಬೀದರಿಗೆ ಒಂದು ಕೇಂದ್ರ ಸಹಕಾರ ಬ್ಯಾಂಕ್ ಬಂತು. ಇಂದು ಎಲ್ಲರೂ ಡಿಸಿಸಿ ಬ್ಯಾಂಕ್ ಎಂದು ಕರೆಯುವುದು ಅದನ್ನೇ. ಬ್ಯಾಂಕು ಪಟ್ಟಣದಲ್ಲಿ, ಪತ್ತಿನ ಸಂಘ ಹಳ್ಳಿಯಲ್ಲಿ. ಮೇಲಿನಿಂದ ಹಣ ಇಳಿದುಬರುತ್ತಿತ್ತು, ಸುಗ್ಗಿ ಮುಗಿದ ಮೇಲೆ ಕೆಳಗಿನಿಂದ ವಸೂಲಿ ಹತ್ತಿಹೋಗಬೇಕಿತ್ತು. ಇಳಿಯುವುದು ಸರಾಗ, ಹತ್ತುವುದು ಕಷ್ಟ.

ಇದು ಬೀದರಿನದೊಂದೇ ಪಾಡೇನೂ ಅಲ್ಲ. ರಿಸರ್ವ್ ಬ್ಯಾಂಕ್ 1951–52ರಲ್ಲಿ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಲೆಕ್ಕ ಹಾಕಿ ನೋಡಿದಾಗ, ರೈತರು ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇ 3.1 ಮಾತ್ರ. ಅರ್ಧ ಶತಮಾನದ ಚಳವಳಿಯ ಫಲ ಅಷ್ಟೇ. ಸುಮಾರು ಶೇ 70ರಷ್ಟು ಸಾಲ ಲೇವಾದೇವಿಗಾರರಿಂದಲೇ ಬರುತ್ತಿತ್ತು. ಸಹಕಾರ ಸೋತಿದೆ, ಆದರೆ ಅದು ಗೆಲ್ಲಲೇಬೇಕು ಎಂಬ ಧಾಟಿಯಲ್ಲಿ ಸಮೀಕ್ಷೆಯ ಸಮಿತಿ ವರದಿ ಕೊಟ್ಟಿತು. ಗೆಲ್ಲಿಸಲು ಸರ್ಕಾರವೇ ಸಂಘಗಳ ಷೇರು ಕೊಳ್ಳಲಿ ಎಂಬ ಮದ್ದನ್ನೂ ಸೂಚಿಸಿತು. ಸಂಘಗಳಿಗೆ ಬಂಡವಾಳ ಬಂತು. ಜೊತೆಗೆ ಇದು ಸರ್ಕಾರದ ದುಡ್ಡು ಎಂಬ ಭಾವನೆಯೂ ಬಂತು.

ಅಷ್ಟರಲ್ಲಿ ಜಿಲ್ಲೆಯ ನಕ್ಷೆಯೇ ಬದಲಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ಸೇನಾ ಕಾರ್ಯಾಚರಣೆಯಿಂದ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಕಡೆಗೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಕಮಲನಗರದವರ ಬೀಗರು, ವ್ಯಾಪಾರ, ಆಸ್ಪತ್ರೆ ಉದಗೀರದಲ್ಲಿ ಉಳಿದವು. ಸಂಘದ ಕಾಗದಪತ್ರ ಮಾತ್ರ ಬೆಂಗಳೂರಿನ ಕಾನೂನಿಗೆ ಬಂತು.

ಹೊಸ ರಾಜ್ಯದಲ್ಲಿ ಬೀದರಿನ ಒಕ್ಕಲಿಗರು ಕೂಡಿ ಇಟ್ಟ ದೊಡ್ಡ ಹೆಜ್ಜೆ ಸಕ್ಕರೆ. ನೆರೆಯ ಮಹಾರಾಷ್ಟ್ರದಲ್ಲಿ ಪ್ರವರಾನಗರದ ಸಹಕಾರಿ ಕಾರ್ಖಾನೆ ಯಶಸ್ಸು ಕಂಡಿತ್ತು. ಅದೇ ಮಾದರಿಯಲ್ಲಿ ಹಳ್ಳಿಖೇಡ (ಬಿ)ಯಲ್ಲಿ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ, ಆಮೇಲೆ ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಕಾರ್ಖಾನೆ, ಬೀದರ್ ಹತ್ತಿರ ನಾರಂಜಾ ಕಾರ್ಖಾನೆ ತಲೆ ಎತ್ತಿದವು. ರೈತ ಷೇರು ಕೊಂಡ, ಕಬ್ಬು ಹಾಕಿದ, ಆಡಳಿತ ಮಂಡಳಿಗೆ ಮತ ಹಾಕಿದ. ಕಾರ್ಖಾನೆ ಬಂದ ಕಡೆ ರಸ್ತೆ ಬಂತು, ಹೋಟೆಲು, ಗ್ಯಾರೇಜು, ಟ್ರ್ಯಾಕ್ಟರ್ ಬಾಡಿಗೆ ಬಂತು.

ಆದರೆ ಕಾರ್ಖಾನೆ ಹತ್ತು ರೂಪಾಯಿಯಿಂದ ನಡೆಯುವ ಸಂಸಾರವಲ್ಲ. ಹಂಗಾಮಿಗೆ ಮುಂಚೆ ಕೋಟಿಗಟ್ಟಲೆ ಸಾಲ ಬೇಕು. ಮಳೆ ಕೈಕೊಟ್ಟು ಕಬ್ಬು ಒಣಗಿದರೆ ಯಂತ್ರ ಖಾಲಿ. ಕಬ್ಬು ಹೆಚ್ಚಾದ ವರ್ಷ ಸಕ್ಕರೆಯ ದರ ಬೀಳುತ್ತದೆ, ರೈತರ ಬಾಕಿ ಏರುತ್ತದೆ. ಸಾವಿರಾರು ಷೇರುದಾರರಲ್ಲಿ ಲೆಕ್ಕದ ಪುಸ್ತಕ ಓದಬಲ್ಲವರು ಬೆರಳೆಣಿಕೆಯಷ್ಟು. ಮಂಡಳಿಯ ಚುನಾವಣೆ ವಿಧಾನಸಭೆ ಚುನಾವಣೆಯ ತಾಲೀಮು. ಹಳ್ಳಿಖೇಡದ ಕಾರ್ಖಾನೆ ಸಾಲದ ಹೊರೆಯಲ್ಲಿ ಕುಸಿದು ಕಬ್ಬು ನುರಿಸುವುದನ್ನೇ ನಿಲ್ಲಿಸಿತು. ಷೇರು ಪತ್ರ ಇಟ್ಟುಕೊಂಡ ರೈತ ಕಾಗದದ ಮೇಲೆ ಮಾಲೀಕ, ಕಬ್ಬಿನ ಬಿಲ್ಲಿಗೆ ಬಾಗಿಲು ಕಾಯುವಾಗ ಕೇವಲ ಸಾಲ ಕೊಟ್ಟವ.

ಹೆಂಗಸರ ಸ್ವಸಹಾಯ ಗುಂಪುಗಳ ದಾರಿ ಬೇರೆ. ಅದರ ಮೂಲವೂ ಕರ್ನಾಟಕದಲ್ಲೇ ಇದೆ. 1980ರ ದಶಕದ ನಡುವಿನಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೋಲಾರ, ಚಿತ್ರದುರ್ಗದಂಥ ಕಡೆ ಕೆಲಸ ಮಾಡುತ್ತಿತ್ತು. ಮುರಿದುಬಿದ್ದ ದೊಡ್ಡ ಸಹಕಾರ ಸಂಘಗಳಿಂದ ಹೊರಬಂದ ಕೆಲವರು ತಮ್ಮತಮ್ಮಲ್ಲೇ ನಂಬಿಕೆ ಇರುವವರ ಚಿಕ್ಕ ಗುಂಪು ಮಾಡಿಕೊಂಡು ಉಳಿತಾಯ, ಸಾಲ ನಡೆಸುತ್ತಿದ್ದುದನ್ನು ಸಂಸ್ಥೆ ಗಮನಿಸಿತು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇದಕ್ಕೆ ಹತ್ತು ಲಕ್ಷ ರೂಪಾಯಿ ನೆರವು ಕೊಟ್ಟಿತು. 1991ರಲ್ಲಿ ರಿಸರ್ವ್ ಬ್ಯಾಂಕ್, ನೋಂದಣಿಯಿಲ್ಲದ ಇಂಥ ಗುಂಪಿಗೂ ಬ್ಯಾಂಕುಗಳು ಸಾಲ ಕೊಡಬಹುದೆಂದು ಸುತ್ತೋಲೆ ಹೊರಡಿಸಿತು. ಮರುವರ್ಷ ನಬಾರ್ಡ್ ದೇಶದಾದ್ಯಂತ ಪ್ರಯೋಗ ಆರಂಭಿಸಿತು. ಮೊದಲ ವರ್ಷ ಬ್ಯಾಂಕ್ ಸಾಲ ಪಡೆದ ಗುಂಪುಗಳು 255, ಸಾಲದ ಮೊತ್ತ 29 ಲಕ್ಷ ರೂಪಾಯಿ. 2006ರ ಮಾರ್ಚ್ ಹೊತ್ತಿಗೆ ಗುಂಪುಗಳ ಸಂಖ್ಯೆ 22 ಲಕ್ಷ ದಾಟಿತ್ತು.

ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿನ ಹೆಸರು ಅದೇ ಕಾಲಕ್ಕೆ ಜಗತ್ತಿನಲ್ಲೆಲ್ಲ ಕೇಳುತ್ತಿತ್ತು. ಅಲ್ಲಿ ಬ್ಯಾಂಕು ಬಡವಳ ಮನೆಗೆ ಸಾಲ ಒಯ್ದಿತು. ಇಲ್ಲಿ ಬಡವಳು ಮೊದಲು ಉಳಿಸಿದಳು, ಗುಂಪಿನೊಳಗೆ ಸಾಲ ತಿರುಗಿಸಿ ಕೈ ಪಳಗಿಸಿಕೊಂಡಳು, ಆಮೇಲೆ ಬ್ಯಾಂಕಿಗೆ ಹೋದಳು.

ಬೀದರಿನಲ್ಲಿ ಈ ಬೀಜಕ್ಕೆ ನೆಲ ಮೊದಲೇ ಹದವಾಗಿತ್ತು. 1989ರಲ್ಲಿ ಹೆಂಗಸರ ಶಿಕ್ಷಣ, ಸಂಘಟನೆಯ ಸರ್ಕಾರಿ ಕಾರ್ಯಕ್ರಮವಾದ ಮಹಿಳಾ ಸಮಾಖ್ಯಾ ಕರ್ನಾಟಕಕ್ಕೆ ಬಂದಾಗ ಆರಿಸಿಕೊಂಡ ಮೊದಲ ಮೂರು ಜಿಲ್ಲೆಗಳು ಬೀದರ್, ವಿಜಾಪುರ, ಮೈಸೂರು. ಅಲ್ಲಿ ಹಣಕ್ಕಿಂತ ಮಾತೇ ಮುಖ್ಯ. ದಲಿತ ಕೇರಿಯ, ಕೂಲಿಯ ಹೆಂಗಸರು ರಾತ್ರಿ ಕೆಲಸ ಮುಗಿಸಿ ಕೂಡುತ್ತಿದ್ದರು. ಕುಡಿಯುವ ನೀರು, ಕೂಲಿ ದರ, ಕುಡುಕ ಗಂಡಂದಿರ ಹೊಡೆತ, ಮಗಳನ್ನು ಶಾಲೆಗೆ ಕಳಿಸುವ ವಿಷಯ ಮಾತಾಡುತ್ತಿದ್ದರು. ಕೆಲವು ಊರುಗಳಲ್ಲಿ ತಮ್ಮದೇ ಸಂಘದ ಮನೆ ಕಟ್ಟಿಸಿಕೊಂಡರು. ಗಂಡಸರ ಕಟ್ಟೆ, ದೇವರ ಗುಡಿ ಬಿಟ್ಟರೆ ಊರಿನಲ್ಲಿ ಹೆಂಗಸರು ಹತ್ತು ಜನ ಕೂಡಲು ಒಂದು ಸೂರು ಸಿಕ್ಕಿದ್ದು ಆಗ.

1996ರ ಆಸುಪಾಸಿನಲ್ಲಿ ಡಿಸಿಸಿ ಬ್ಯಾಂಕ್ ಗುಂಪುಗಳ ಕೆಲಸಕ್ಕೆ ಕೈಹಾಕಿತು. ಬ್ಯಾಂಕಿನ ಅಧ್ಯಕ್ಷಗಿರಿಯಲ್ಲಿ ದೀರ್ಘಕಾಲ ಇದ್ದವರು ಗುರುಪಾದಪ್ಪ ನಾಗಮಾರಪಳ್ಳಿ. ಔರಾದಿನಿಂದ ಗೆದ್ದ ಶಾಸಕ, ಸಚಿವರಾಗಿದ್ದವರು, 2015ರಲ್ಲಿ ತೀರಿಕೊಂಡರು. ಬೇರೆ ಬ್ಯಾಂಕುಗಳು ಗುಂಪು ಕಟ್ಟುವ ಕೆಲಸವನ್ನು ಸ್ವಯಂಸೇವಾ ಸಂಸ್ಥೆಗಳಿಗೆ ಬಿಟ್ಟರೆ, ಬೀದರಿನ ಬ್ಯಾಂಕು ತಾನೇ ಹಳ್ಳಿಗೆ ಇಳಿಯಿತು. ಅದರ ಕೈಕಾಲು ಪಿಕೆಪಿಎಸ್‌ಗಳು. ಊರಿನ ಸಂಘದ ಕಾರ್ಯದರ್ಶಿಗೆ ಯಾವ ಮನೆ ಯಾರದು, ಯಾರಿಗೆ ಯಾರು ಆಗಿಬರುವುದಿಲ್ಲ ಎಂಬುದೆಲ್ಲ ಗೊತ್ತು. ಆ ತಿಳಿವಳಿಕೆ ಯಾವ ಬ್ಯಾಂಕಿನ ಫಾರಮ್ಮಿನಲ್ಲೂ ಸಿಗದು. ದೇಶದ ಸಹಕಾರಿ ಬ್ಯಾಂಕುಗಳ ಪೈಕಿ ಈ ಕೆಲಸದಲ್ಲಿ ಬೀದರ್ ಮೊದಲ ಸಾಲಿಗೆ ಬಂತು. ಕಲಿಯಲು ಬರುವವರ ಸಂಖ್ಯೆ ಹೆಚ್ಚಿ, ಬ್ಯಾಂಕು ಬೀದರಿನಲ್ಲಿ ಸಹಾರ್ದ ಎಂಬ ತರಬೇತಿ ಸಂಸ್ಥೆಯನ್ನೇ ತೆರೆಯಿತು.

ಗುಂಪಿನ ಒಂದು ಸಭೆಯನ್ನು ಹತ್ತಿರದಿಂದ ನೋಡಿದರೆ ಇದರ ಕೀಲು ತಿಳಿಯುತ್ತದೆ. ಹಾಸಿದ ಜಮಖಾನೆ, ನಡುವೆ ತಗಡಿನ ಸಂದೂಕ, ಸುತ್ತ ಹದಿನೈದು ಹೆಂಗಸರು. ಇಪ್ಪತ್ತಕ್ಕಿಂತ ಹೆಚ್ಚು ಜನರನ್ನು ಸೇರಿಸುವಂತಿಲ್ಲ. ನೋಂದಣಿಯಿಲ್ಲದ ಕೂಟಕ್ಕೆ ಹಳೆಯ ಕಂಪನಿ ಕಾಯ್ದೆ ಹಾಕಿದ ಮಿತಿ ಅದು. ಅಧ್ಯಕ್ಷೆ, ಕಾರ್ಯದರ್ಶಿಯ ಬದಲು ಇಬ್ಬರು ಪ್ರತಿನಿಧಿಗಳು, ಅವರೂ ಸರದಿಯಂತೆ ಬದಲಾಗಬೇಕು. ಮೊದಲು ಹಾಜರಿ, ಆಮೇಲೆ ಬಚತ್, ಅಂದರೆ ಉಳಿತಾಯ. ಒಬ್ಬೊಬ್ಬರೂ ದುಡ್ಡನ್ನು ಎಲ್ಲರ ಎದುರಿಗೇ ಇಡಬೇಕು, ಪಾಸ್‌ಬುಕ್ಕಿನಲ್ಲಿ ಅಲ್ಲೇ ಬರೆಸಬೇಕು. ತಡವಾಗಿ ಬಂದವಳಿಗೆ ದಂಡ. ಸಾಲ ಬೇಕಾದವಳು ಯಾತಕ್ಕೆ ಎಂದು ಬಾಯಿಬಿಟ್ಟು ಹೇಳಬೇಕು. ಒಪ್ಪಿಗೆಯಾದರೆ ಠರಾವು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ಓದಲು ಬಾರದ ಸದಸ್ಯೆಗೂ ಯಾರ ಹೆಸರಿನಲ್ಲಿ ಎಷ್ಟು ಬಾಕಿ ಎಂಬುದು ಬಾಯಿಪಾಠ.

ಲೆಕ್ಕ ಸರಳ. ಹದಿನೈದು ಜನ ವಾರಕ್ಕೆ ಹತ್ತು ರೂಪಾಯಿ ಹಾಕಿದರೆ ವರ್ಷಕ್ಕೆ 7,800 ರೂಪಾಯಿ. ಆ ಹಣ ಸಂದೂಕದಲ್ಲಿ ಕೊಳೆಯುವುದಿಲ್ಲ, ಸದಸ್ಯರ ನಡುವೆಯೇ ಸಾಲವಾಗಿ ತಿರುಗುತ್ತದೆ. ಸಾಮಾನ್ಯವಾಗಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ಇದು ಬ್ಯಾಂಕಿನ ಬಡ್ಡಿಗಿಂತ ಹೆಚ್ಚೇ. ಆದರೆ ಸಾವುಕಾರನಿಗೆ ಕೊಟ್ಟ ಬಡ್ಡಿ ಮನೆ ಬಿಟ್ಟು ಹೋದ ಹಣ, ಗುಂಪಿಗೆ ಕೊಟ್ಟ ಬಡ್ಡಿ ಮತ್ತೆ ಆ ಹದಿನೈದು ಜನರ ಗಂಟಿಗೇ ಸೇರುತ್ತದೆ. ಆರು ತಿಂಗಳು ಸರಿಯಾಗಿ ನಡೆದ ಗುಂಪಿನ ಪುಸ್ತಕ ನೋಡಿ, ಅಂಕ ಕೊಟ್ಟು, ಬ್ಯಾಂಕು ಉಳಿತಾಯದ ಸಮಕ್ಕೆ, ಮುಂದೆ ನಾಲ್ಕು ಪಟ್ಟಿನವರೆಗೆ ಸಾಲ ಕೊಡುತ್ತದೆ. ಜಾಮೀನಿಗೆ ಹೊಲವೂ ಬೇಡ, ಬಂಗಾರವೂ ಬೇಡ. ಊರಿಗೆ ಊರೇ ಹೊಣೆ ಎಂಬ ರೈಫೈಸನ್ನನ ಸೂತ್ರ ಹದಿನೈದು ಜನರಿಗೆ ಇಳಿದಾಗ ಕೆಲಸ ಮಾಡಿತು. ಎಮ್ಮೆ ಕೊಂಡವರಿದ್ದಾರೆ, ಹಿಟ್ಟಿನ ಗಿರಣಿ ಹಾಕಿದವರಿದ್ದಾರೆ, ಕಿರಾಣಿ ಇಟ್ಟವರಿದ್ದಾರೆ. ಸಾವುಕಾರನ ಹಳೆಯ ಸಾಲ ತೀರಿಸಲೆಂದೇ ಮೊದಲ ಸಾಲ ಎತ್ತಿದವರೂ ಕಡಿಮೆಯಿಲ್ಲ; ಬಡ್ಡಿ ಉಳಿದದ್ದೇ ಅವರ ಗಳಿಕೆ.

ಗಡಿಯ ಆಚೆ, 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇದ್ದ ಜಹೀರಾಬಾದಿನಲ್ಲಿ, ಇದೇ ರೂಢಿ ಕಾಳಿನ ರೂಪ ತಾಳಿತು. 1983ರಲ್ಲಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಶುರುವಾಯಿತು. ಅದನ್ನು ಮುನ್ನಡೆಸಿದವರು ಮೈಸೂರಿನ ಕನ್ನಡಿಗ, ಹಿಂದೆ ದೂರದರ್ಶನದಲ್ಲಿದ್ದ ಪಿ.ವಿ. ಸತೀಶ್. ದಲಿತ ಹೆಂಗಸರ ಸಂಘಗಳು ಬೀಳುಬಿದ್ದ ಹೊಲಗಳನ್ನು ಮತ್ತೆ ಸಾಗುವಳಿಗೆ ತಂದವು. 1990ರ ದಶಕದಲ್ಲಿ ಸಮುದಾಯ ಧಾನ್ಯ ನಿಧಿ ಕಟ್ಟಿಕೊಂಡವು: ಬಿತ್ತಲು ಸಾಲ ಪಡೆದವರು ಜೋಳದಲ್ಲೇ ತೀರಿಸಬೇಕು, ಆ ಜೋಳ ಊರಿನಲ್ಲೇ ಉಳಿದು, ಹಸಿವಿನ ತಿಂಗಳುಗಳಲ್ಲಿ ಬಡ ಮನೆಗಳಿಗೆ ಕಡಿಮೆ ದರದಲ್ಲಿ ಸಿಗಬೇಕು. ಯಾರು ಬಡವರು ಎಂದು ತೀರ್ಮಾನಿಸುವುದು ತಹಸೀಲ್ದಾರರಲ್ಲ, ಊರವರೇ. 2008ರಲ್ಲಿ ಈ ಹೆಂಗಸರು ಮಾಚನೂರಿನಲ್ಲಿ ತಮ್ಮದೇ ರೇಡಿಯೊ ನಿಲಯ ತೆರೆದರು. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಒಂದು ಕಾಲದಲ್ಲಿ ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಒಂದು ಬದಿ ರೂಪಾಯಿಯನ್ನು, ಇನ್ನೊಂದು ಬದಿ ಜೋಳವನ್ನು ಕೂಡಿಸಿದ್ದು ಹೀಗೆ.

ಬೀದರ್ ಪಟ್ಟಣದ ಸಹಕಾರದ ಮುಖ ಸ್ವಲ್ಪ ಬೇರೆ. ಕಾಳುಕಡಿ ವ್ಯಾಪಾರದ ಗಾಂಧಿಗಂಜ್ ತನ್ನ ಹೆಸರಿನದೇ ಸಹಕಾರಿ ಬ್ಯಾಂಕ್ ಕಟ್ಟಿಕೊಂಡಿತು. ಹೆಂಗಸರ ಪಟ್ಟಣ ಸಹಕಾರಿ ಬ್ಯಾಂಕೂ ಹುಟ್ಟಿತು. ನಾಗಮಾರಪಳ್ಳಿಯವರ ಹೆಸರಿನಲ್ಲಿ ಸಹಕಾರಿ ಆಸ್ಪತ್ರೆ ಬಂತು. ಬೀದರಿನವರ ಠೇವಣಿ ಬೀದರಿನಲ್ಲೇ ಅಂಗಡಿ, ಮನೆ, ಓದಿಗೆ ಸಾಲವಾಗಿ ಸುತ್ತಲಿ ಎಂಬುದು ಇವುಗಳ ಹಿಂದಿನ ಲೆಕ್ಕಾಚಾರ. ದೊಡ್ಡ ಬ್ಯಾಂಕಿಗೆ ಹಾಕಿದ ಬೀದರಿನ ಠೇವಣಿ ಯಾವ ಮಹಾನಗರದ ಗೋಪುರಕ್ಕೆ ಸಾಲವಾಯಿತೆಂದು ಯಾರಿಗೆ ಗೊತ್ತು?

ಗುಂಪುಗಳ ಕಥೆಯೂ ಬರೀ ಗೆಲುವಿನದಲ್ಲ. 2000ದಲ್ಲಿ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು, ಆಮೇಲೆ ಗ್ರಾಮೀಣ ಜೀವನೋಪಾಯದ ಸಂಜೀವಿನಿ ಯೋಜನೆ ಬಂತು, ಪಂಚಾಯಿತಿ ಮಟ್ಟದ ಒಕ್ಕೂಟಗಳು ಬಂದವು, ಪುಸ್ತಕ ಬರೆಯಲು ಎಂಬಿಕೆ ಎಂಬ ಲೆಕ್ಕಿಗರು ಬಂದರು. ಒಬ್ಬಳೇ ಹೆಣ್ಣುಮಗಳು ಎರಡು, ಮೂರು ಗುಂಪುಗಳಲ್ಲಿ ಸದಸ್ಯೆಯಾದಳು. ಸುತ್ತುನಿಧಿ, ಸಬ್ಸಿಡಿ ಎಂಬ ಮಾತು ಕೇಳಿದ ಕಡೆ, ಉಳಿಸಲು ಕೂಡುವ ಬದಲು ಸಾಲಕ್ಕೆಂದೇ ಕೂಡಿದ ಗುಂಪುಗಳೂ ಹುಟ್ಟಿದವು. ಹೆಂಡತಿಯ ಹೆಸರಿನ ಸಾಲ ಗಂಡನ ಕೈಗೆ ಹೋಗಿ, ಕಂತು ಮಾತ್ರ ಅವಳ ಕೂಲಿಯಿಂದ ಬಂದ ಉದಾಹರಣೆಗಳು ಎಲ್ಲ ಊರಿನಲ್ಲೂ ಇವೆ.

ಇವೆಲ್ಲಕ್ಕಿಂತ ದೊಡ್ಡ ಏಟು ಖಾಸಗಿ ಮೈಕ್ರೊಫೈನಾನ್ಸಿನಿಂದ ಬಂತು. ಕಂಪನಿಯ ಹುಡುಗರು ಬೈಕಿನಲ್ಲಿ ಬಂದು, ಹೆಂಗಸರನ್ನು ಐದೈದು ಜನ ಕೂರಿಸಿ, ಗುಂಪಿನ ಶಿಸ್ತನ್ನೇ ಬಳಸಿಕೊಂಡು ಸಾಲ ಹಂಚಿದರು. ಬಚತ್ ಬೇಡ, ಠರಾವು ಬೇಡ, ಆಧಾರ್ ಸಾಕು. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕೆಂಬ ಕರಾರು ಇಲ್ಲಿಯೂ ಇತ್ತು. ಬಡ್ಡಿ ಮಾತ್ರ ಊರಿಗೆ ತಿರುಗಿ ಬರುತ್ತಿರಲಿಲ್ಲ. 2010ರಲ್ಲಿ ಪಕ್ಕದ ಆಂಧ್ರಪ್ರದೇಶದಲ್ಲಿ ವಸೂಲಿಯ ಕಾಟಕ್ಕೆ ಆತ್ಮಹತ್ಯೆಗಳಾಗಿ, ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು. ಹದಿನೈದು ವರ್ಷ ಕಳೆದು, 2025ರ ಫೆಬ್ರುವರಿಯಲ್ಲಿ ಕರ್ನಾಟಕವೂ ಅದೇ ದಾರಿ ಹಿಡಿಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಎಂದು ಸುಗ್ರೀವಾಜ್ಞೆ ಹೇಳಿತು.

ಕಾನೂನು ವಸೂಲಿಗಾರನನ್ನು ಹಿಡಿಯಬಲ್ಲದು. ಒಬ್ಬಳ ತಲೆಯ ಮೇಲೆ ಒಟ್ಟು ಎಷ್ಟು ಸಾಲವಿದೆ ಎಂಬ ಲೆಕ್ಕ ಇಡುವುದು ಅದರ ಕೈಲಾಗದ ಕೆಲಸ. ಪಿಕೆಪಿಎಸ್‌ ಗುಂಪಿನ ಸಾಲ ಒಂದು ಪುಸ್ತಕದಲ್ಲಿದೆ, ಸಂಜೀವಿನಿಯದು ಇನ್ನೊಂದರಲ್ಲಿ, ಕಂಪನಿಯದು ಅವರ ಮೊಬೈಲಿನಲ್ಲಿ. ಮೂರನ್ನೂ ಒಟ್ಟಿಗೆ ಬಲ್ಲವರು ವಾರವಾರ ಅವಳ ಪಕ್ಕದಲ್ಲಿ ಕೂರುವ ಹದಿನಾಲ್ಕು ಹೆಂಗಸರು ಮಾತ್ರ. ಹೊಸ ಸಾಲ ಕೇಳುವಾಗ ಹೊರಗಿನ ಬಾಕಿಯನ್ನೂ ಹೇಳಿಸಿ ಠರಾವಿನಲ್ಲಿ ಬರೆಸುವ ಗುಂಪು, ಸದಸ್ಯೆ ಮುಳುಗುವ ಮುಂಚೆಯೇ ಅವಳ ಕೈ ಹಿಡಿಯಬಹುದು. ಹೀಗೆ ಬರೆಸಲು ಸರ್ಕಾರದ ಆದೇಶ ಬೇಕಿಲ್ಲ, ಬ್ಯಾಂಕಿನ ಒಪ್ಪಿಗೆಯೂ ಬೇಕಿಲ್ಲ. ಗುಂಪಿನ ಒಂದು ಸಭೆಯಲ್ಲಿ ಆಗುವ ತೀರ್ಮಾನ ಇದು.